ಗುಜರಿಯಲ್ಲಿ ಹುಟ್ಟಿದ ಆಮೆಗಳು

ಕೆಟ್ಟ ಅಲಾರಂ ಗಡಿಯಾರ ಕೈಗೆ ಸಿಕ್ಕರೆ ಬಿಚ್ಚಿ ನೋಡದೆ ಬಿಡದ ಜನ ಎಲ್ಲ ಊರಲ್ಲೂ ಇರುತ್ತಾರೆ. ಮತ್ತೆ ಜೋಡಿಸುವಾಗ ಒಂದೆರಡು ಸ್ಕ್ರೂ ಮಿಕ್ಕುವುದೂ, ಮನೆಯವರಿಂದ ಬೈಸಿಕೊಳ್ಳುವುದೂ ವಾಡಿಕೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಒಂದು ಮನೆಯಲ್ಲಿ ಮಾತ್ರ ಹೀಗೆ ಬಿಚ್ಚಿದ ಗಡಿಯಾರಗಳ ಹಲ್ಲುಚಕ್ರಗಳಿಂದ ಎರಡು ಆಮೆಗಳು ಹುಟ್ಟಿದವು. ತಮ್ಮಷ್ಟಕ್ಕೆ ತಾವೇ ಓಡಾಡುವ, ಹಸಿವಾದರೆ ಗೂಡಿಗೆ ಮರಳುವ ಯಂತ್ರದ ಆಮೆಗಳು ಅವು.

ಕಟ್ಟಿದಾತ ಗ್ರೇ ವಾಲ್ಟರ್. ಆತನ ವೃತ್ತಿ ಮಿದುಳಿನ ವಿದ್ಯುತ್ ಅಲೆಗಳ ಸಂಶೋಧನೆ. ಆ ಅಲೆಗಳನ್ನು ದಾಖಲಿಸಿ, ಮಿದುಳಿನ ಗೆಡ್ಡೆ ಎಲ್ಲಿದೆಯೆಂದು ಪತ್ತೆಹಚ್ಚುವ ದಾರಿಯನ್ನು 1936ರಲ್ಲೇ ತೋರಿಸಿಕೊಟ್ಟವ. ಆದರೂ ಒಂದು ಪ್ರಶ್ನೆ ಆತನನ್ನು ಕಾಡುತ್ತಿತ್ತು. ಪ್ರಾಣಿಯ ನಡವಳಿಕೆಯ ವೈವಿಧ್ಯಕ್ಕೆ ಕೋಟ್ಯಂತರ ನರಕೋಶಗಳ ಸಂಖ್ಯೆ ಕಾರಣವೋ, ಅವು ಒಂದಕ್ಕೊಂದು ಹೆಣೆದುಕೊಂಡ ಬಗೆ ಕಾರಣವೋ? ಹೆಣಿಗೆಯೇ ಮುಖ್ಯವಾದರೆ, ಎರಡೇ ಕೋಶಗಳಿರುವ ಪ್ರಾಣಿಯೂ ಒಂದಿಷ್ಟು ಆಟ ತೋರಿಸಬೇಕಲ್ಲ?

ಹಾಗೊಂದು ಪ್ರಾಣಿಯನ್ನು ಕಟ್ಟಿಯೇ ನೋಡೋಣವೆಂದು ವಾಲ್ಟರ್ 1948ರಲ್ಲಿ ಬಿಡುವಿನ ವೇಳೆ ಮನೆಯಲ್ಲಿ ಕೆಲಸಕ್ಕೆ ಕುಳಿತ. ಜೊತೆಗೆ ಪತ್ನಿ ವಿವಿಯನ್. ಸಾಮಗ್ರಿಯೆಲ್ಲ ಗುಜರಿಯದೇ: ಮಹಾಯುದ್ಧ ಮುಗಿದ ಮೇಲೆ ಮಿಕ್ಕಿದ್ದ ಸೇನೆಯ ಸಾಮಾನು, ಹಳೆಯ ಗಡಿಯಾರ ಮತ್ತು ಗ್ಯಾಸ್ ಮೀಟರಿನ ಹಲ್ಲುಚಕ್ರಗಳು. ನರಕೋಶದ ಜಾಗಕ್ಕೆ ಎರಡು ರೇಡಿಯೋ ವಾಲ್ವು, ಕಣ್ಣಿಗೆ ಒಂದು ಫೋಟೋಸೆಲ್, ನಡೆಯಲು ಮೂರು ಚಕ್ರ, ಮೇಲೊಂದು ಚಿಪ್ಪು. ಎಲ್ಮರ್ ಮತ್ತು ಎಲ್ಸಿ ಎಂದು ಹೆಸರಿಟ್ಟದ್ದೂ ಆಯಿತು.

ಕೆಲಸದ ಕ್ರಮ ಸರಳ. ಮುಂಚಕ್ರ ತಿರುಗಿದತ್ತ ಕಣ್ಣೂ ತಿರುಗುತ್ತದೆ. ಕತ್ತಲಲ್ಲಿ ಚಕ್ರ ಸುತ್ತು ಹಾಕುತ್ತಲೇ ಇರುತ್ತದೆ. ಆಮೆ ವಂಕಿವಂಕಿಯಾಗಿ ಸಾಗುತ್ತ ಸುತ್ತಲೂ ಕಣ್ಣಾಡಿಸುತ್ತದೆ. ಬೆಳಕು ಕಂಡೊಡನೆ ಚಕ್ರದ ಸುತ್ತಾಟ ನಿಂತು, ಅತ್ತ ನಡೆಯುತ್ತದೆ. ತೀರ ಹತ್ತಿರ ಹೋಗಿ ಕಣ್ಣು ಕೋರೈಸಿದರೆ ಮುಖ ತಿರುಗಿಸುತ್ತದೆ. ಕುರ್ಚಿಯ ಕಾಲಿಗೆ ಬಡಿದರೆ ಚಿಪ್ಪು ಅಲುಗಿ ಸ್ವಿಚ್ ಕೂಡಿಕೊಳ್ಳುತ್ತದೆ. ಆಮೆ ನೂಕುತ್ತ, ಹೊರಳುತ್ತ ಬಿಡಿಸಿಕೊಳ್ಳುತ್ತದೆ.

ಗೂಡಿನಲ್ಲೊಂದು ಪ್ರಖರ ದೀಪ. ಬ್ಯಾಟರಿ ತುಂಬಿರುವಾಗ ಆ ಪ್ರಖರತೆ ಆಮೆಯನ್ನು ಹಿಮ್ಮೆಟ್ಟಿಸುತ್ತದೆ. ಬ್ಯಾಟರಿ ಕುಗ್ಗಿದಂತೆ ಕಣ್ಣಿನ ಚುರುಕೂ ಕುಗ್ಗಿ, ಅದೇ ದೀಪ ಸಹ್ಯವಾಗುತ್ತದೆ. ಆಗ ಆಮೆ ನೇರವಾಗಿ ಗೂಡು ಹೊಕ್ಕು ವಿದ್ಯುತ್ತು ಉಣ್ಣುತ್ತದೆ. ಹೊಟ್ಟೆ ತುಂಬಿದರೆ ದೀಪ ಮತ್ತೆ ಕಣ್ಣು ಕುಕ್ಕುತ್ತದೆ; ಆಮೆ ಹೊರಬೀಳುತ್ತದೆ.

ಇಷ್ಟೂ ಲೆಕ್ಕ ಹಾಕಿ ಮಾಡಿದ್ದು. ಸೋಜಿಗ ಕಾದಿದ್ದು ಕನ್ನಡಿಯ ಮುಂದೆ. ಮುಂಚಕ್ರ ತಿರುಗುತ್ತಿದೆಯೇ ಎಂದು ತಿಳಿಯಲೆಂದಷ್ಟೇ ವಾಲ್ಟರ್ ಆಮೆಯ ಮುಂಭಾಗದಲ್ಲೊಂದು ಪುಟ್ಟ ಬಲ್ಬು ಇಟ್ಟಿದ್ದ. ಕನ್ನಡಿಯಲ್ಲಿ ಆ ಬೆಳಕು ಕಂಡರೆ ಚಕ್ರದ ಸುತ್ತಾಟ ನಿಲ್ಲುತ್ತದೆ, ಬಲ್ಬು ಆರುತ್ತದೆ. ಬೆಳಕು ಮಾಯವಾದೊಡನೆ ಚಕ್ರ ಸುತ್ತತೊಡಗುತ್ತದೆ, ಬಲ್ಬು ಹೊತ್ತುತ್ತದೆ. ಹೀಗೆ ಮಿನುಗುತ್ತ, ತೊನೆಯುತ್ತ ಆಮೆ ತನ್ನ ಬಿಂಬದೆದುರು ಕುಣಿಯಿತು! ನಿಜವಾದ ಪ್ರಾಣಿ ಹೀಗೆ ಮಾಡಿದ್ದರೆ ಅದಕ್ಕೆ ತನ್ನ ಅರಿವಿದೆಯೆಂದು ನಂಬಿಬಿಡುತ್ತಿದ್ದೆವು ಎಂದು ವಾಲ್ಟರ್ ತರ್ಕಿಸಿದ. ತಂತಿ ತಂತಿಯನ್ನೂ ತಾನೇ ಬೆಸೆದಿದ್ದರೂ ಈ ಕುಣಿತವನ್ನು ಆತ ಎಣಿಸಿರಲಿಲ್ಲ. ಪ್ರಶ್ನೆಗೆ ಉತ್ತರದ ಸುಳಿವೂ ಅಲ್ಲೇ ಇತ್ತು: ಎರಡೇ ಕೋಶಗಳಾದರೂ ಹೆಣಿಗೆ ಸರಿಯಾಗಿದ್ದರೆ ಕಟ್ಟಿದವನನ್ನೇ ಬೆರಗುಗೊಳಿಸಬಲ್ಲವು.

1950ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ವಾಲ್ಟರ್ ಈ ಆಮೆಗಳ ಬಗ್ಗೆ ಬರೆದ. ಮನೆಯ ಆಮೆಗಳು ಆಗಾಗ ಕೆಡುತ್ತಿದ್ದುದರಿಂದ ಆತನ ಸಂಸ್ಥೆಯ ತಂತ್ರಜ್ಞರೊಬ್ಬರು ಗಟ್ಟಿಮುಟ್ಟಾದ ಹೊಸ ಆಮೆಗಳನ್ನು ಮಾಡಿಕೊಟ್ಟರು. 1951ರ ‘ಫೆಸ್ಟಿವಲ್ ಆಫ್ ಬ್ರಿಟನ್’ ಪ್ರದರ್ಶನದಲ್ಲಿ ಜನ ಅವನ್ನು ಕಂಡು ಬೆರಗಾದರು. 1953ರಲ್ಲಿ ವಾಲ್ಟರನ ಪುಸ್ತಕ ‘ದಿ ಲಿವಿಂಗ್ ಬ್ರೇನ್’ ಹೊರಬಂತು. ಆತ ತೀರಿಕೊಂಡದ್ದು 1977ರಲ್ಲಿ.

ಆ ಪುಸ್ತಕ ಆಸ್ಟ್ರೇಲಿಯದ ಅಡಿಲೇಡ್‌ನಲ್ಲಿ ರಾಡ್ನಿ ಬ್ರೂಕ್ಸ್ ಎಂಬ ಹುಡುಗನ ಕೈಸೇರಿತ್ತು. ಓದಿ ಸುಮ್ಮನಿರದೆ ಆತ ಟ್ರಾನ್ಸಿಸ್ಟರುಗಳನ್ನು ಜೋಡಿಸಿ ತನ್ನದೇ ಆಮೆ ಕಟ್ಟಿದ. ಅದಕ್ಕೆ ‘ನಾರ್ಮನ್’ ಎಂದು ಹೆಸರಿಟ್ಟ. ಮುಂದೆ ಅಮೆರಿಕದ ಎಂಐಟಿಯಲ್ಲಿ ರೋಬಾಟ್ ವಿಜ್ಞಾನಿಯಾಗಿ, 1990ರಲ್ಲಿ ‘ಐರೋಬಾಟ್’ ಕಂಪನಿಯ ಸ್ಥಾಪಕರಲ್ಲೊಬ್ಬನಾದ. ಆ ಕಂಪನಿ 2002ರಲ್ಲಿ ತಂದ ‘ರೂಂಬಾ’, ನೆಲದ ಮೇಲೆ ತಾನೇ ಸುತ್ತಾಡಿ ಕಸ ಹೀರುವ ಯಂತ್ರ. ಗೋಡೆಗೆ ಬಡಿದರೆ ಹೊರಳಿಕೊಳ್ಳುತ್ತದೆ. ಆಮೇಲಿನ ಮಾದರಿಗಳು ಬ್ಯಾಟರಿ ಕುಗ್ಗಿದಾಗ ತಾವೇ ಗೂಡಿಗೆ ಮರಳತೊಡಗಿದವು. ಎಲ್ಸಿ ಬ್ರಿಸ್ಟಲ್‌ನ ಮನೆಯಲ್ಲಿ ಮಾಡುತ್ತಿದ್ದುದೂ ಇದನ್ನೇ.

ಗಡಿಯಾರ ಬಿಚ್ಚಿ ಕುಳಿತವರನ್ನು ಕಂಡಾಗ ‘ಇದರಿಂದೇನು ಪ್ರಯೋಜನ?’ ಎಂದು ಕೇಳುವುದು ಸಹಜ. ಅಂದು ಕೇಳಿದ್ದರೆ ಬಹುಶಃ ವಾಲ್ಟರನಿಗೂ ಉತ್ತರ ಹೊಳೆಯುತ್ತಿರಲಿಲ್ಲ. ಮಿಕ್ಕ ಸ್ಕ್ರೂಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಹಾಕಿಡುವುದು ಒಳ್ಳೆಯದು.