ವಾಹನ ಚಾಲನೆಯಲ್ಲಿ ಫೋನ್ ಸಂಭಾಷಣೆ

ಅಡಚಣೆ ಎದುರಾದ ಕ್ಷಣದಿಂದ ಚಾಲಕ ಬ್ರೇಕ್ ಒತ್ತುವವರೆಗಿನ ಅವಧಿಗೆ ಪ್ರತಿಕ್ರಿಯಾ ಸಮಯ ಎನ್ನುತ್ತಾರೆ. ಫೋನಿನಲ್ಲಿ ಮಾತಾಡುವಾಗ ಇದು ಹಿಗ್ಗುತ್ತದೆ. ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಅರ್ಧ ಸೆಕೆಂಡ್ ತಡವಾದರೆ 11 ಮೀಟರ್ ಕೈತಪ್ಪಿತು.

ಹಾಸನ ಜಿಲ್ಲೆಯ ರಸ್ತೆಗಳಲ್ಲಿ ಈ ಅಂತರ ಚಿಕ್ಕದಲ್ಲ. ಚನ್ನರಾಯಪಟ್ಟಣ, ಹಾಸನಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬೆಂಗಳೂರು–ಮಂಗಳೂರು ಸಂಚಾರದ ಭರಾಟೆ. ಹೊಳೆನರಸೀಪುರ, ಅರಕಲಗೂಡು ಕಡೆಯ ಊರೊಳಗಿನ ದಾರಿಗಳಲ್ಲಿ ಆಲೂಗಡ್ಡೆ ಹೇರಿದ ಟ್ರ್ಯಾಕ್ಟರು, ಹಟ್ಟಿಗೆ ಮರಳುವ ದನಕರು ತಿರುವಿನಲ್ಲಿ ಥಟ್ಟನೆ ಎದುರಾಗುತ್ತವೆ. ಹೆಲ್ಮೆಟ್ಟಿನೊಳಗೆ ಫೋನ್ ಸಿಕ್ಕಿಸಿಕೊಂಡ ಬೈಕ್ ಸವಾರರಂತೂ ಎಲ್ಲೆಲ್ಲೂ.

ಕೈ ಖಾಲಿಯಿದ್ದರೆ ಸಾಕು ಎಂಬ ನಂಬಿಕೆ ಪೊಳ್ಳು. 1997ರಲ್ಲಿ ಕೆನಡಾದ ರೆಡೆಲ್‌ಮಯರ್ ಮತ್ತು ಟಿಬ್‌ಶಿರಾನಿ ಪ್ರಕಟಿಸಿದ ಅಧ್ಯಯನದಲ್ಲಿ, ಫೋನ್ ಬಳಕೆಯ ವೇಳೆ ಅಪಘಾತದ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ಹ್ಯಾಂಡ್ಸ್‌ಫ್ರೀ ಸಾಧನ ಹೆಚ್ಚು ಸುರಕ್ಷಿತವೆಂದು ಕಂಡುಬರಲಿಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸ್ಟ್ರೇಯರ್ ಮತ್ತು ಸಹೋದ್ಯೋಗಿಗಳು ನಡೆಸಿದ ಪ್ರಯೋಗಗಳು ಕಾರಣ ತೋರಿಸಿದವು: ಕಣ್ಣು ರಸ್ತೆಯ ಮೇಲಿದ್ದರೂ ಮನಸ್ಸು ಮಾತಿನಲ್ಲಿರುವುದರಿಂದ ಕಂಡದ್ದು ಗಮನಕ್ಕೆ ಬರುವುದಿಲ್ಲ. ಪಕ್ಕದಲ್ಲಿ ಕೂತವರು ಲಾರಿ ಅಡ್ಡ ಬಂದರೆ ಮಾತು ನಿಲ್ಲಿಸುತ್ತಾರೆ. ಫೋನಿನ ಆಚೆ ಬದಿಯವರಿಗೆ ಲಾರಿ ಕಾಣಿಸದು.

2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಂ, ಚಾಲನೆಯಲ್ಲಿ ಕೈಯಲ್ಲಿ ಹಿಡಿದ ಸಂವಹನ ಸಾಧನದ ಬಳಕೆಯನ್ನು ಅಪಾಯಕಾರಿ ಚಾಲನೆಯೊಳಗೆ ಸೇರಿಸಿದೆ. ಮೊದಲ ತಪ್ಪಿಗೆ 1,000ದಿಂದ 5,000 ರೂಪಾಯಿವರೆಗೆ ದಂಡ ಅಥವಾ ಸೆರೆವಾಸ. ದಾರಿ ನೋಡಲಷ್ಟೇ ಬಳಸಲು 2020ರ ನಿಯಮ ವಿನಾಯಿತಿ ಕೊಟ್ಟಿದೆ. ಹ್ಯಾಂಡ್ಸ್‌ಫ್ರೀ ಸಾಧನವನ್ನು ಕಿವಿಯಲ್ಲಿ ಸಿಕ್ಕಿಸಿಕೊಂಡು ಆಡುವ ಮಾತು ಆ ಕಲಮಿನ ವಿವರಣೆಯಲ್ಲಿಲ್ಲ.