‘ಕಾಗಜ್ ಕೆ ಫೂಲ್’ ಚಿತ್ರದ ವೃತ್ತಾಂತ

ಕಾವ್ಯದ ಪ್ರಯೋಜನಗಳನ್ನು ಎಣಿಸುವಾಗ ಮಮ್ಮಟನು ಯಶಸ್ಸನ್ನೇ ಮೊದಲಿಟ್ಟನು. ಧನವು ಅದರ ಬೆನ್ನಿಗೆ ಬಂದಿತು. ಯಶಸ್ಸಿಗೆ ಕಾಳಿದಾಸಾದಿಗಳನ್ನೂ ಧನಕ್ಕೆ ಧಾವಕಾದಿಗಳನ್ನೂ ಉದಾಹರಣೆಯಾಗಿ ಕೊಟ್ಟನು. ಆದರೆ ಒಮ್ಮೆ ಕೈಸೇರಿದ ಯಶಸ್ಸು ಹೇಳದೆ ಕೇಳದೆ ಹೊರಟುಹೋದಲ್ಲಿ ಕವಿಯ ಗತಿಯೇನೆಂಬ ವಿಚಾರವನ್ನು ಅವನು ಅಲ್ಲಿ ಎತ್ತಲಿಲ್ಲ. ಆ ವಿಚಾರವನ್ನೇ ಕಥಾವಸ್ತುವಾಗಿ ಹಿಡಿದು 1959ರಲ್ಲಿ ಹಿಂದಿಯ ಚಲಚ್ಚಿತ್ರವೊಂದು ಹೊರಬಂದಿತು. ‘ಕಾಗಜ್ ಕೆ ಫೂಲ್’, ಎಂದರೆ ಕಾಗದದ ಹೂವುಗಳು, ಎಂಬುದು ಅದರ ಹೆಸರು. ಅದನ್ನು ನಿರ್ಮಿಸಿ, ನಿರ್ದೇಶಿಸಿ, ನಾಯಕನ ಪಾತ್ರವನ್ನೂ ವಹಿಸಿದವರು ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತರು. ಅದರ ಬೆಳಕು ನೆರಳುಗಳನ್ನು ಹೆಣೆದವರು ಮೈಸೂರಿನ ವಿ. ಕೆ. ಮೂರ್ತಿಯವರು. ಹೀಗೆ ಭಾಷೆಯಿಂದ ಪರಕೀಯವಾದರೂ ಈ ಕೃತಿಯು ಕರ್ಣಾಟಕಕ್ಕೆ ಕೇವಲ ಪರಕೀಯವಲ್ಲ.

ಗುರುದತ್ತರ ಜನನವು 1925ನೆಯ ಇಸವಿ ಜುಲೈ 9ರಂದು. ಮೊದಲು ಇಟ್ಟ ಹೆಸರು ವಸಂತಕುಮಾರ. ಎಳೆತನದಲ್ಲಿ ಒದಗಿದ ಅಪಘಾತವೊಂದರ ತರುವಾಯ ಹಿರಿಯರು ಗುರುದತ್ತನೆಂದು ಕರೆದರು. ಮನೆತನದ ಹೆಸರಾದ ಪಡುಕೋಣೆಯು ಕುಂದಾಪುರದ ಸೀಮೆಯ ಒಂದು ಊರು; ಮನೆಮಾತು ಕೊಂಕಣಿ. ತಂದೆ ಶಿವಶಂಕರರಾಯರು ಕೆಲಕಾಲ ಮುಖ್ಯೋಪಾಧ್ಯಾಯರಾಗಿದ್ದವರು. ತಾಯಿ ವಾಸಂತಿಯವರು ಪಾಠ ಹೇಳುತ್ತಿದ್ದುದಲ್ಲದೆ ಬಂಗಾಳಿ ಕಾದಂಬರಿಗಳನ್ನು ಕನ್ನಡಿಸಿದ ವಿದುಷಿ; ಮಗನು ಗತಿಸಿದ ಮೇಲೆ ‘ನನ್ನ ಮಗ ಗುರುದತ್ತ’ ಎಂಬ ಪುಸ್ತಕವನ್ನು ಕನ್ನಡದಲ್ಲಿಯೇ ಬರೆದರು. ಮಗನ ಚರಿತ್ರೆಯನ್ನು ತಾಯಿ ಬರೆಯಬೇಕಾಗಿ ಬಂದುದು ಎಂತಹ ದುರ್ವಿಧಿಯೆಂಬುದನ್ನು ವಿಸ್ತರಿಸಬೇಕಾಗಿಲ್ಲ. ಬಾಲ್ಯವು ಕಲ್ಕತ್ತೆಯಲ್ಲಿ ಕಳೆಯಿತು. ಅಲ್ಮೋಡದಲ್ಲಿ ಉದಯಶಂಕರರ ಕಲಾಕೇಂದ್ರದಲ್ಲಿ ನೃತ್ಯಾಭ್ಯಾಸ, 1944ರಲ್ಲಿ ಪುಣೆಯ ಪ್ರಭಾತ್ ಕಂಪೆನಿಯಲ್ಲಿ ಉದ್ಯೋಗ, ಅನಂತರ ಮುಂಬಯಿ. 1951ರ ‘ಬಾಜಿ’ ಅವರು ನಿರ್ದೇಶಿಸಿದ ಮೊದಲನೆಯ ಚಿತ್ರ.

‘ಬಾಜಿ’ಯಲ್ಲಿ ಮೂರ್ತಿಯವರು ಸಹಾಯಕ ಛಾಯಾಗ್ರಾಹಕರು ಮಾತ್ರ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ವಿದ್ಯಾಸಂಸ್ಥೆಯಲ್ಲಿ ಈ ವಿದ್ಯೆಯನ್ನು ಶಾಸ್ತ್ರೀಯವಾಗಿ ಕಲಿತು ಹೊರಟವರು. ಪಿಟೀಲು ವಾದನವನ್ನೂ ಬಲ್ಲವರು. ಹಾಡೊಂದರ ಚಿತ್ರಣದಲ್ಲಿ ಕನ್ನಡಿಯ ಪ್ರತಿಬಿಂಬದಿಂದ ಆರಂಭಿಸಿ ಯಂತ್ರವನ್ನು ಚಲಿಸುವ ಒಂದು ಕ್ಲಿಷ್ಟವಾದ ಉಪಾಯವನ್ನು ಅವರು ಸೂಚಿಸಿದರು. ತಾವೇ ಅದನ್ನು ನೆರವೇರಿಸಿದರು. ಗುರುದತ್ತರ ದೃಷ್ಟಿ ಅಲ್ಲಿಯೇ ನೆಟ್ಟಿತು. 1952ರ ‘ಜಾಲ್’ ಮೊದಲುಗೊಂಡು ಅವರ ನಿರ್ದೇಶನದ ಚಿತ್ರಗಳಿಗೆ ಮೂರ್ತಿಯವರದೇ ಕಣ್ಣು.

‘ಆರ್ ಪಾರ್’, ‘ಮಿಸ್ಟರ್ ಅಂಡ್ ಮಿಸೆಸ್ 55’ ಮುಂತಾದ ವಿನೋದಪ್ರಧಾನವಾದ ಚಿತ್ರಗಳಿಂದ ಹೆಸರೂ ಹಣವೂ ಬಂದುವು. ಆಮೇಲೆ 1957ರಲ್ಲಿ ‘ಪ್ಯಾಸಾ’. ಬದುಕಿರುವಾಗ ಯಾರಿಗೂ ಬೇಡವಾದ ಕವಿಯೊಬ್ಬನು ಸತ್ತನೆಂಬ ಸುದ್ದಿ ಹಬ್ಬಿದೊಡನೆ ಲೋಕಮಾನ್ಯನಾಗುತ್ತಾನೆ. ತನ್ನ ಸ್ಮರಣೆಗೆಂದು ನೆರೆದ ಸಭೆಗೆ ಬಂದು, ನಿಮ್ಮ ಕವಿ ನಾನಲ್ಲವೆಂದು ಹೇಳಿ ಹೊರಟುಹೋಗುತ್ತಾನೆ. ಕೀರ್ತಿಯನ್ನು ಹೀಗೆ ಕಾಲಿನಿಂದ ಒದ್ದವನ ಕಥೆಗೆ ಜನರು ಮುಗಿಬಿದ್ದು ಕೀರ್ತಿಯನ್ನು ತಂದುಕೊಟ್ಟರೆಂಬುದು ಈ ಚರಿತ್ರೆಯ ಮೊದಲನೆಯ ವೈಚಿತ್ರ್ಯ. ಎರಡು ವರ್ಷಗಳ ಮೇಲೆ ಬಂದ ಚಿತ್ರಕ್ಕೆ ಆ ಭಾಗ್ಯ ಒದಗಲಿಲ್ಲ.

ಕಥೆಯು ಸಂಗ್ರಹವಾಗಿ ಇಷ್ಟು. ಸುರೇಶ್ ಸಿನ್ಹಾ ಪ್ರಸಿದ್ಧನಾದ ದಿಗ್ದರ್ಶಕ. ಸಿನಿಮಾದವರೆಂದರೆ ಹಗುರವಾಗಿ ಕಾಣುವ ಶ್ರೀಮಂತರ ಮನೆಯ ಹೆಂಡತಿ ದೂರವಾಗಿದ್ದಾಳೆ, ಮಗಳು ವಸತಿಶಾಲೆಯಲ್ಲಿದ್ದಾಳೆ. ಮಳೆಯ ರಾತ್ರಿಯಲ್ಲಿ ಮರದಡಿ ನಡುಗುತ್ತ ನಿಂತಿದ್ದ ಶಾಂತಿಯೆಂಬವಳಿಗೆ ತನ್ನ ಕೋಟನ್ನು ಕೊಡುತ್ತಾನೆ. ಅದನ್ನು ಹಿಂದಿರುಗಿಸಲು ಬಂದವಳು ಅರಿಯದೆ ಕ್ಯಾಮರಾದ ಮುಂದೆ ಹಾದುಹೋಗುತ್ತಾಳೆ. ಅವನಿಗೆ ‘ದೇವದಾಸ್’ ಚಿತ್ರದ ಪಾರ್ವತಿ ದೊರೆಯುತ್ತಾಳೆ. ಅವಳು ಪ್ರಖ್ಯಾತಳಾದಂತೆ ಲೋಕಾಪವಾದವೂ ಬೆಳೆಯುತ್ತದೆ. ಶಾಲೆಯಲ್ಲಿ ಅವಮಾನಿತಳಾದ ಮಗಳ ಮಾತಿಗೆ ಮಣಿದು ಶಾಂತಿಯು ಹಳ್ಳಿಯೊಂದಕ್ಕೆ ಹೋಗಿ ಉಪಾಧ್ಯಾಯಿನಿಯಾಗುತ್ತಾಳೆ. ಸುರೇಶನು ನ್ಯಾಯಸ್ಥಾನದಲ್ಲಿ ಮಗಳನ್ನು ಕಳೆದುಕೊಳ್ಳುತ್ತಾನೆ, ಮದ್ಯಕ್ಕೆ ವಶನಾಗುತ್ತಾನೆ, ಅವನ ಚಿತ್ರವು ಬಿದ್ದುಹೋಗುತ್ತದೆ. ಕಡೆಗೆ, ಒಂದು ಕಾಲದಲ್ಲಿ ತಾನು ಆಳಿದ ಸ್ಟುಡಿಯೋದ ಬರಿಯ ಹಜಾರದಲ್ಲಿ, ದಿಗ್ದರ್ಶಕನ ಕುರ್ಚಿಯ ಮೇಲೆಯೇ ಪ್ರಾಣ ಬಿಡುತ್ತಾನೆ. ಬೆಳಗ್ಗೆ ಕೆಲಸಕ್ಕೆ ಬಂದವರು ಕಾಣುತ್ತಾರೆ.

ನಟನ ಕೀರ್ತಿ ಬೇರೆ, ದಿಗ್ದರ್ಶಕನ ಕೀರ್ತಿ ಬೇರೆ. ಬೆಂಗಳೂರಿನ ಉತ್ತರಭಾಗದ ವಾಚಕರಿಗೆ ಇದಕ್ಕೆ ದೃಷ್ಟಾಂತವು ದೂರದಲ್ಲಿಲ್ಲ. ಯಶವಂತಪುರದ ಆಚೆಯ ಕಂಠೀರವ ಸ್ಟುಡಿಯೋದಲ್ಲಿ, 2006ರಲ್ಲಿ ಗತಿಸಿದ ರಾಜಕುಮಾರರ ಮತ್ತು 2021ರಲ್ಲಿ ಅಕಾಲದಲ್ಲಿ ಅಗಲಿದ ಅವರ ಪುತ್ರ ಪುನೀತರ ಸಮಾಧಿಗಳಿಗೆ ಜನರು ಯಾತ್ರೆಗೆ ಬಂದಂತೆ ಬರುತ್ತಾರೆ. ಅವರ ಚಿತ್ರಗಳನ್ನು ನಿರ್ದೇಶಿಸಿದವರೆಲ್ಲರ ಹೆಸರನ್ನು ಆ ಯಾತ್ರಿಕರಲ್ಲಿ ಎಷ್ಟು ಮಂದಿ ಹೇಳಬಲ್ಲರು? ಸಂಸ್ಕೃತ ನಾಟಕದ ಸೂತ್ರಧಾರನು ಪ್ರಸ್ತಾವನೆಯಲ್ಲಾದರೂ ಮುಖ ತೋರಿಸಿ ಹೋಗುತ್ತಾನೆ. ಚಲಚ್ಚಿತ್ರದ ಸೂತ್ರಧಾರನಿಗೆ ಅದೂ ಇಲ್ಲ, ಹೆಸರು ಮಾತ್ರ. ಹೆಸರು ಅಳಿದ ಮೇಲೆ ಅವನನ್ನು ಗುರುತಿಸುವವರಾರು? ಗಡ್ಡ ಬೆಳೆದ ಸುರೇಶನು ಕೂಲಿಗಾಗಿ ಸಣ್ಣ ವೇಷವೊಂದನ್ನು ಕಟ್ಟಿಕೊಂಡು ಅದೇ ಸ್ಟುಡಿಯೋದಲ್ಲಿ ನಿಂತಾಗ ಅವನನ್ನು ಗುರುತಿಸಿದವಳು ಶಾಂತಿಯೊಬ್ಬಳೇ. ಅವಳಿಂದಲೂ ಅವನು ಓಡಿಹೋಗುತ್ತಾನೆ.

ಚಿತ್ರದ ಕೌಶಲವನ್ನು ಕುರಿತು ಎರಡು ಮಾತು. ಭಾರತದಲ್ಲಿ ಸಿನಿಮಾಸ್ಕೋಪ್ ವಿಧಾನದಿಂದ ತೆಗೆದ ಚಿತ್ರಗಳಲ್ಲಿ ಇದೇ ಪ್ರಥಮ. ವಿಶೇಷವಾದ ಮಸೂರದಿಂದ ಅಗಲವಾದ ದೃಶ್ಯವನ್ನು ಪಟ್ಟಿಯ ಮೇಲೆ ಒತ್ತಿ ಹಿಡಿದು, ತೆರೆಯ ಮೇಲೆ ಮತ್ತೆ ಹರಡುವುದು ಅದರ ಕ್ರಮ. ವೈಭವವನ್ನು ತೋರಿಸಲೆಂದು ಹುಟ್ಟಿದ ಈ ಸಾಧನವನ್ನು ಗುರುದತ್ತರು ಶೂನ್ಯವನ್ನು ತೋರಿಸಲು ಉಪಯೋಗಿಸಿದರು. ಅಗಲವಾದ ತೆರೆಯ ಒಂದು ಅಂಚಿನಲ್ಲಿ ಅವನು, ಇನ್ನೊಂದು ಅಂಚಿನಲ್ಲಿ ಅವಳು, ನಡುವೆ ಕತ್ತಲೆ. ಆ ಕತ್ತಲೆಯನ್ನು ಸೀಳಿ ಮೇಲಿಂದ ಇಳಿಯುವ ಬೆಳಕಿನ ಕೋಲನ್ನು ಕಂಡವರು ಮರೆಯಲಾರರು. ಮೂರ್ತಿಯವರು ವಿದ್ಯುದ್ದೀಪಗಳನ್ನು ಬಿಟ್ಟು ಹೊರಗಿನ ಸೂರ್ಯಪ್ರಕಾಶವನ್ನೇ ಕನ್ನಡಿಯಲ್ಲಿ ಹಿಡಿದು, ಇನ್ನೊಂದು ಕನ್ನಡಿಯಿಂದ ಒಳಕ್ಕೆ ತಿರುಗಿಸಿದರು. ಅಲ್ಲಿ ಕೇಳಿಬರುವ ಹಾಡನ್ನು ರಚಿಸಿದವರು ಕೈಫಿ ಆಜ್ಮಿ, ರಾಗ ಕೂಡಿಸಿದವರು ಎಸ್. ಡಿ. ಬರ್ಮನ್, ಹಾಡಿದವರು ಗುರುದತ್ತರ ಪತ್ನಿ ಗೀತಾದತ್ತರು. ತೆರೆಯ ಮೇಲೆ ನಿಂತವರು ವಹೀದಾ ರೆಹಮಾನ್. ಈ ಸನ್ನಿವೇಶದ ಸುತ್ತ ಹರಡಿದ ಗಾಳಿಮಾತುಗಳು ಅಪಾರ. ಲೋಕಾಪವಾದವೇ ಕಥೆಯ ವಿಷಯವಾಗಿರುವ ಚಿತ್ರಕ್ಕೆ ಅದನ್ನೇ ಅಂಟಿಸುವುದು ರಸಜ್ಞರ ಲಕ್ಷಣವಲ್ಲ.

ಜನರು ಚಿತ್ರವನ್ನು ತಿರಸ್ಕರಿಸಿದರು. ಮೂರ್ತಿಯವರ ಛಾಯಾಗ್ರಹಣಕ್ಕೂ ಎಂ. ಆರ್. ಆಚರೇಕರರ ಕಲಾನಿರ್ದೇಶನಕ್ಕೂ ಫಿಲ್ಮ್‌ಫೇರ್ ಪಾರಿತೋಷಕಗಳು ದೊರೆತುವು. ಹಣ ಮಾತ್ರ ಹಿಂದಿರುಗಲಿಲ್ಲ. ಅಂದಿನಿಂದ ಇಂದಿನವರೆಗೆ ಅಭಿಪ್ರಾಯಗಳು ಎರಡಾಗಿ ನಿಂತಿವೆ. ನಾಯಕನು ತನ್ನ ಮೇಲೆ ತಾನೇ ಕನಿಕರಪಡುತ್ತ ಲೋಕವನ್ನೆಲ್ಲ ದೂರುತ್ತಾನೆ, ಇದರಲ್ಲಿ ಕಣ್ಣೀರು ಹೆಚ್ಚು, ವಿವೇಕ ಕಡಿಮೆ, ಎಂಬುದು ಒಂದು ಪಕ್ಷ. ಇದು ಕಾಲಕ್ಕಿಂತ ಮುಂಚೆ ಬಂದ ಮಹಾಕೃತಿ, ಪಾಮರರಿಗೆ ತಿಳಿಯಲಿಲ್ಲ, ಎಂಬುದು ಇನ್ನೊಂದು. ಮೊದಲನೆಯ ಪಕ್ಷವು ಕೇವಲ ನಿರಾಧಾರವಲ್ಲ. ಜಾನಿ ವಾಕರರ ಹಾಸ್ಯವು ಕಥೆಗೆ ಹೊರಗಿನಿಂದ ಹೊಲಿದ ತೇಪೆಯಂತಿದೆ. ಹೆಂಡತಿಯ ಪಾತ್ರಕ್ಕೆ ನ್ಯಾಯ ದೊರೆತಿಲ್ಲ. ಅವಳ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಕೇಳುವುದಿಲ್ಲ. ಟಿಕೇಟಿಗೆ ಹಣ ಕೊಟ್ಟು ಬಂದವನು ಪಾಮರನೆಂದು ಬಯ್ಯುವುದಂತೂ ಸುಲಭವಾದ ಸಮಾಧಾನ. ‘ಪ್ಯಾಸಾ’ವನ್ನು ಮೆಚ್ಚಿದವರೂ ಅವರೇ ಅಲ್ಲವೆ?

ಆದರೆ ಈ ಎರಡು ಪಕ್ಷದವರೂ ಒಂದು ಅಂಶವನ್ನು ದಾಟಿಹೋಗುತ್ತಾರೆ. ಸುರೇಶನನ್ನು ಲೋಕವು ಕೈಬಿಟ್ಟುದು ಎಷ್ಟು ನಿಜವೋ, ಚಾಚಿದ ಕೈಯನ್ನು ಅವನು ಹಿಡಿಯದೆ ಹೋದುದೂ ಅಷ್ಟೇ ನಿಜ. ಶಾಂತಿಯು ಚಿತ್ರರಂಗಕ್ಕೆ ಹಿಂದಿರುಗಿ, ಅವನಿಗೆ ಮತ್ತೆ ಕೆಲಸ ಕೊಡಿಸಲು ಯತ್ನಿಸುತ್ತಾಳೆ. ಇನ್ನೊಬ್ಬರ ಹೆಸರಿನ ನೆರಳಿನಲ್ಲಿ ಏಳಲಾರೆನೆಂದು ಅವನು ನಿರಾಕರಿಸುತ್ತಾನೆ. ಜನರ ಹೊಗಳಿಕೆಯನ್ನು ಕಾಗದದ ಹೂವೆಂದು ಬಲ್ಲವನಿಗೆ ಅದು ಇಲ್ಲದೆ ಬದುಕಲೂ ಬಾರದು. ಕವಿಯು ‘ಪ್ಯಾಸಾ’ದಲ್ಲಿ ಕೀರ್ತಿಯನ್ನು ಬಿಟ್ಟು ನಡೆದನು, ಅವನಿಗೆ ಅದರ ರುಚಿ ಹತ್ತಿರಲಿಲ್ಲ, ಸುರೇಶನು ಅದನ್ನು ಉಂಡಿದ್ದನು. ಇದು ಲೋಕನಿಂದೆಯಲ್ಲ, ಆತ್ಮಪರೀಕ್ಷೆ. ಇಟಲಿಯ ಫೆಲ್ಲಿನಿಯು ಚಿತ್ರ ತೆಗೆಯಲಾರದ ದಿಗ್ದರ್ಶಕನನ್ನು ಕುರಿತು ‘ಎಂಟೂವರೆ’ಯನ್ನು ತೆಗೆದುದು 1963ರಲ್ಲಿ, ಅಮೆರಿಕದ ವುಡಿ ಆಲೆನ್ ಅಭಿಮಾನಿಗಳಿಂದ ಬೇಸತ್ತ ದಿಗ್ದರ್ಶಕನ ‘ಸ್ಟಾರ್‌ಡಸ್ಟ್ ಮೆಮೊರೀಸ್’ ತೆಗೆದು ಅಭಿಮಾನಿಗಳ ಕೋಪಕ್ಕೆ ಗುರಿಯಾದುದು 1980ರಲ್ಲಿ. ಗುರುದತ್ತರು ಇಬ್ಬರಿಗೂ ಮೊದಲಿಗರು.

ಜನರ ತೀರ್ಪನ್ನು ಎಲ್ಲರಿಗಿಂತ ಹೆಚ್ಚಾಗಿ ನಂಬಿದವರು ಗುರುದತ್ತರೇ. ಮುಂದೆ ಯಾವ ಚಿತ್ರಕ್ಕೂ ದಿಗ್ದರ್ಶಕರೆಂದು ಅವರು ತಮ್ಮ ಹೆಸರನ್ನು ಹಾಕಿಕೊಳ್ಳಲಿಲ್ಲ. 1960ರ ‘ಚೌದ್ವಿ ಕಾ ಚಾಂದ್’ ಅವರ ಸಂಸ್ಥೆಯದೇ ಚಿತ್ರ, ನಿರ್ದೇಶನ ಎಂ. ಸಾದಿಕರದು. ಅದು ಗೆದ್ದು ಸಂಸ್ಥೆಯನ್ನು ಎತ್ತಿ ನಿಲ್ಲಿಸಿತು. 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ಗೆ ಅಬ್ರಾರ್ ಅಲ್ವಿಯವರ ಹೆಸರು. ಅದರಲ್ಲಿ ಗುರುದತ್ತರ ಕೈವಾಡ ಎಷ್ಟೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಹೆಸರಿಗಾಗಿ ಹೋರಾಡುವ ಲೋಕದಲ್ಲಿ, ಹೆಸರನ್ನು ಬಿಟ್ಟುಕೊಟ್ಟವನ ಮೇಲೆ ಆ ಹೆಸರನ್ನು ಮತ್ತೆ ಹೇರಲು ಇಷ್ಟು ಜನರು ಯತ್ನಿಸಿದ ಸಂದರ್ಭವು ವಿರಳ.

1964ರ ಅಕ್ಟೋಬರ್ 10ರಂದು, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಮುಂಬಯಿಯಲ್ಲಿ ತೀರಿಕೊಂಡರು. ಆಮೇಲೆ ‘ಕಾಗಜ್ ಕೆ ಫೂಲ್’ ಭವಿಷ್ಯವಾಣಿಯಾಯಿತು. ಸುರೇಶನೇ ಗುರುದತ್ತರೆಂದು ಎಲ್ಲರೂ ಬರೆದರು. ಇದು ಅವಸರದ ಮಾತು. ಸುರೇಶನು ಸೋಲಿನ ಮೇಲೆ ಏನನ್ನೂ ಮಾಡಲಿಲ್ಲ. ಗುರುದತ್ತರು ಎರಡು ದೊಡ್ಡ ಚಿತ್ರಗಳನ್ನು ಹೊರತಂದರು. ಅವರು ಕೈಕೆಳಗೆ ದುಡಿದಿದ್ದ ಜ್ಞಾನ್ ಮುಖರ್ಜಿಯವರ ನೆನಪು ಈ ಕಥೆಯಲ್ಲಿದೆಯೆಂದು ಹೇಳುವವರೂ ಉಂಟು. ತನ್ನ ಕೃತಿಯನ್ನು ಮೆಚ್ಚುವ ಸಮಾನಧರ್ಮನು ಎಂದಾದರೂ ಹುಟ್ಟಿಯಾನೆಂದು ಭವಭೂತಿಯು ಕಾದನು. ಗುರುದತ್ತರಿಗೆ ಅಂತಹವರು ಬಹು ಬೇಗ, ಬಹು ಸಂಖ್ಯೆಯಲ್ಲಿ ಹುಟ್ಟಿದರು, ಆದರೂ ತಡವಾಯಿತು.

ಮೂರ್ತಿಯವರು ದೀರ್ಘಕಾಲ ಬಾಳಿದರು. 1993ರಲ್ಲಿ ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ‘ಹೂವು ಹಣ್ಣು’ ಎಂಬ ಕನ್ನಡ ಚಿತ್ರಕ್ಕೆ ಛಾಯಾಗ್ರಾಹಕರಾದರು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು 2010ರಲ್ಲಿ ಸ್ವೀಕರಿಸಿದಾಗ ಅವರಿಗೆ ಎಂಬತ್ತಾರು ವಯಸ್ಸು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದುದು ಅದೇ ಮೊದಲು. 2014ರ ಏಪ್ರಿಲ್ 7ರಂದು, ಗುರುದತ್ತರು ಹುಟ್ಟಿದ ಬೆಂಗಳೂರಿನಲ್ಲಿಯೇ, ಅವರು ದೇಹತ್ಯಾಗ ಮಾಡಿದರು.