ಮಡಕಿ, ತಬಲಾ, ಗಿಟಾರು: ‘ಶಕ್ತಿ’ ತಂಡದ ಕಥಿ

ನಮ್ಮ ಮನ್ಯಾಗ ಮಡಕಿ ಬಡಿಯೋದು ಅಂದ್ರ ಹುಡುಗರು ಬೈಸಿಕೊಳ್ಳೋ ಕೆಲಸ. "ಒಡದೀತು, ಇಡು ಕೆಳಗ" ಅಂತ ನಾನೂ ಎಷ್ಟೋ ಸಲ ಒದರೇನಿ. ಆದ್ರ ಅಂಥಾದ್ದೇ ಒಂದು ಮಡಕಿ, ಅಂದ್ರ ಘಟಂ, ಅಮೆರಿಕಾದ ವೇದಿಕಿ ಮ್ಯಾಲೆ ಗಿಟಾರಿನ ಜೋಡಿ ಕೂತು ಜಾಝ್ ಕೇಳೋ ಮಂದಿಗೆ ತಲಿ ತೂಗಿಸ್ಯದ. ಆ ತಂಡದ ಹೆಸರು ‘ಶಕ್ತಿ’. ವೈನಿ, ಮಾವಶಿ, ಬಾಜೂಮನಿ ಗೆಳತ್ಯಾರ, ಈ ವಾರ ಅಡಿಗಿ ಮಾತು ಬಿಟ್ಟು ಇದರ ಕಥಿ ಹೇಳತೇನಿ, ಕೇಳ್ರಿ.

ಈ ತಂಡದ ಗಿಟಾರಿನವರು ಜಾನ್ ಮೆಕ್ಲಾಫ್ಲಿನ್. 1942ರಾಗ ಇಂಗ್ಲೆಂಡಿನ ಯಾರ್ಕ್‌ಶೈರ್‌ನಾಗ ಹುಟ್ಟಿದವರು. ನ್ಯೂಯಾರ್ಕಿಗೆ ಬಂದು ಮೈಲ್ಸ್ ಡೇವಿಸ್ ಜೋಡಿ ಬಾರಿಸಿದ್ರು, 1971ರಾಗ ‘ಮಹಾವಿಷ್ಣು ಆರ್ಕೆಸ್ಟ್ರಾ’ ಕಟ್ಟಿದ್ರು. ಜಾಝ್ ಮತ್ತ ರಾಕ್ ಎರಡನ್ನೂ ಕೂಡಿಸಿದ ಆ ಸಂಗೀತಕ್ಕ ಜಾಝ್ ಫ್ಯೂಜನ್ ಅಂತಾರ. ಎಲ್ಲಾ ಕರೆಂಟಿನ ವಾದ್ಯ, ಕಿವಿ ಗುಂಯ್ ಅನ್ನೋ ಆವಾಜು. ಅದರಿಂದ ಅವರಿಗೆ ಭಾಳ ಹೆಸರು ಬಂತು. ಅದನ್ನೂ ಬಿಟ್ಟು ಈ ಮನಷ್ಯಾ ನಮ್ಮವರ ಜೋಡಿ ನೆಲದ ಮ್ಯಾಲೆ ಚಕ್ಕಳಮಕ್ಕಳ ಹಾಕಿ ಕೂತ್ರು!

ಸುಮ್ಮನ ಕೂಡಲಿಲ್ಲ. ಅಮೆರಿಕಾದ ವೆಸ್ಲಿಯನ್ ವಿಶ್ವವಿದ್ಯಾಲಯದಾಗ ಡಾ. ಎಸ್. ರಾಮನಾಥನ್ ಅವರ ಹತ್ರ ವೀಣಾ ಕಲತಿದ್ರು. ಆಮ್ಯಾಲೆ ತಮ್ಮ ಗಿಟಾರನ್ನೇ ಬದಲಿ ಮಾಡಿಸಿಕೊಂಡ್ರು. ಮೆಟ್ಟಿಲುಗಳ ನಡುವಿನ ಕಟ್ಟಿಗಿ ಕೆತ್ತಿಸಿ ತಗ್ಗು ಮಾಡಿಸಿದ್ರು. ಹಂಗ ಮಾಡಿದ್ರ ತಂತಿ ಒತ್ತಿ, ಎಳದು ಗಮಕ ತಗೀಲಿಕ್ಕೆ ಬರತದ. ಸಿತಾರದಾಗ ಇರೋ ತರಫಿನ ಹಂಗ ಏಳು ತಂತಿ ಓರೆಯಾಗಿ ಹಾಕಿಸಿದ್ರು, ಅವನ್ನ ಮೀಟದಿದ್ರೂ ಝೇಂಕಾರ ಕೊಡತಾವ.

ಜೋಡಿಗೆ ಎಲ್. ಶಂಕರ್ ಅವರ ಪಿಟೀಲು, ಝಾಕೀರ್ ಹುಸೇನರ ತಬಲಾ, ವಿಕ್ಕು ವಿನಾಯಕರಾಮ್ ಅವರ ಘಟಂ. ಮೊದಲನೇ ರೆಕಾರ್ಡಿನಾಗ ಆರ್. ರಾಘವನ್ ಅವರ ಮೃದಂಗನೂ ಅದ. ಇದರಾಗಿನ ವಿಶೇಷ ನಮ್ಮ ಕರ್ನಾಟಕದ ಮಂದಿಗೆ ಲಗೂನ ತಿಳೀತದ. ಧಾರವಾಡದಾಗ ನಮಗ ಹಿಂದೂಸ್ತಾನಿ ಅಂದ್ರ ಜೀವ, ಮೈಸೂರು ಕಡೆಯವರಿಗೆ ಕರ್ನಾಟಕ ಸಂಗೀತ. ಒಂದ ರಾಜ್ಯದಾಗಿದ್ರೂ ಎರಡು ಪಂಕ್ತಿ. ಇಲ್ಲಿ ಉತ್ತರದ ತಬಲಾ, ದಕ್ಷಿಣದ ಘಟಂ, ಹೊರಗಿನ ಗಿಟಾರು ಒಂದ ಪಂಕ್ತ್ಯಾಗ ಕೂತಾವ.

ಇವರ ಮೊದಲನೇ ರೆಕಾರ್ಡು ಸ್ಟುಡಿಯೋದಾಗ ಆದದ್ದಲ್ಲ. 1975ರ ಜುಲೈ 5ಕ್ಕ ನ್ಯೂಯಾರ್ಕ್ ಹತ್ರದ ಲಾಂಗ್ ಐಲೆಂಡ್‌ನಾಗ, ಸೌತಾಂಪ್ಟನ್ ಕಾಲೇಜಿನ ಕಛೇರಿಯೊಳಗ ಮುದ್ರಿಸಿದ್ದು. ಆವಾಗ ಝಾಕೀರರಿಗೆ ಬರೇ 24 ವರ್ಷ. ಅದರಾಗ ಇರೋದು ಮೂರ ಮೂರು ರಚನಾ. ಮೊದಲನೇದು ‘ಜಾಯ್’, 18 ನಿಮಿಷ. ಕಡೀದು ಹತ್ತಹತ್ರ ಅರ್ಧ ತಾಸು. ನಡುವ ಐದು ನಿಮಿಷದೊಳಗ ಮುಗಿಯೋ ‘ಲೋಟಸ್ ಫೀಟ್’.

90ರ ದಶಕದಾಗ ನನ್ನ ಮೈದುನ ಪುಣೆಯಿಂದ ಇದರ ಕ್ಯಾಸೆಟ್ ತಂದಿದ್ದ. ನಮ್ಮ ಮಾವನವರು ರೇಡಿಯೋದಾಗ ಮನ್ಸೂರರು, ಗಂಗೂಬಾಯಿಯವರು ಬಂದ್ರ ಊಟದ ತಾಟು ಬಿಟ್ಟು ಏಳೋರು. ‘ಜಾಯ್’ ಕೇಳಿ, "ಹಾಲಿಗೆ ಹುಳಿ ಹಿಂಡಿದಂಗ ಅದ, ಬಂದ್ ಮಾಡು" ಅಂದ್ರು. ನನಗೂ ಅದು ಬರೇ ಓಟದ ಪಂದ್ಯದ ಹಂಗ ಅನಸ್ತು, ಯಾರು ಮುಂದ, ಯಾರು ಹಿಂದ ಅಂತ. ಮೈದುನ ಬಂದ್ ಮಾಡಲಿಲ್ಲ, ‘ಲೋಟಸ್ ಫೀಟ್’ ಬಂತು. ನಿಧಾನಕ್ಕ, ಯಾರೋ ಕೂಸಿನ ತೊಟ್ಟಲಾ ತೂಗಿದಂಗ. ಮಾವನವರು ಪೇಪರ್ ಕೆಳಗಿಟ್ರು. ಛಲೋ ಅದ ಅಂತ ಬಾಯಿಬಿಟ್ಟು ಅನ್ನಲಿಲ್ಲ. "ಮತ್ತೊಮ್ಮೆ ಹಚ್ಚು" ಅಂದ್ರು, ಅಷ್ಟ.

ಹಳೇ ಶಕ್ತಿ ಮೂರು ರೆಕಾರ್ಡು ಮಾಡಿ 70ರ ದಶಕ ಮುಗಿಯೋದ್ರಾಗ ನಿಂತು ಹೋಗಿತ್ತು. 1997ರಾಗ ‘ರಿಮೆಂಬರ್ ಶಕ್ತಿ’ ಅಂತ ಮತ್ತ ಕೂಡಿತು. ಮೊದಲು ಹರಿಪ್ರಸಾದ್ ಚೌರಾಸಿಯಾ ಕೊಳಲು ಹಿಡದ್ರು. ಆಮ್ಯಾಲೆ ಮ್ಯಾಂಡೊಲಿನ್ ಯು. ಶ್ರೀನಿವಾಸ್ ಬಂದ್ರು, ಶಂಕರ್ ಮಹಾದೇವನ್ ಹಾಡಲಿಕ್ಕೆ ಬಂದ್ರು. ವಿಕ್ಕು ಅವರ ಜಾಗಾದಾಗ ಅವರ ಮಗ ಸೆಲ್ವಗಣೇಶ್ ಖಂಜೀರಾ ಹಿಡದು ಕೂತ್ರು. 2014ರಾಗ ಶ್ರೀನಿವಾಸ್ 45ನೇ ವರ್ಷಕ್ಕ ಹೋಗಿಬಿಟ್ರು.

2023ರ ಜನವರಿಯೊಳಗ ಐವತ್ತನೇ ವರ್ಷದ ನೆನಪಿಗೆ ಅವರು ಬೆಂಗಳೂರಿಗೆ ಬಂದಾಗ ಮಗಳು ನನ್ನನ್ನ ಕರಕೊಂಡು ಹೋದ್ಲು. ಪಿಟೀಲಿಗೆ ಗಣೇಶ್ ರಾಜಗೋಪಾಲನ್. ಮೆಕ್ಲಾಫ್ಲಿನ್ನರಿಗೆ ಆವಾಗ 81. ಕ್ಯಾಸೆಟ್ಟಿನಾಗ ನನಗ ಬೆರಳಿನ ಓಟ ಅಷ್ಟ ಕೇಳಿಸಿತ್ತು. ಕಣ್ಣಾರೆ ನೋಡಿದಾಗ ಬಿಡುವಿದ್ದ ಕೈ ಕಂಡ್ವು. ಒಬ್ರು ಬಾರಿಸುವಾಗ ಉಳಿದವರು ತೊಡಿ ಮ್ಯಾಲೆ ತಾಳ ಹಾಕ್ಕೋತ, ಅವರ ಮುಖಾನ ನೋಡ್ಕೋತ ಕೂತಿದ್ರು. ತಮ್ಮ ಪಾಳಿ ಬಂದಾಗ ಅವರು ಬಿಟ್ಟಲ್ಲಿಂದನ ಎತ್ತಿಕೊಳ್ಳೋರು. ಪಂದ್ಯ ಅಲ್ಲ ಅದು. ನಾಕು ಮಂದಿ ಸೊಸ್ತ್ಯಾರು ಒಂದ ಅಡಿಗಿಮನ್ಯಾಗ ಒಬ್ಬರಿಗೊಬ್ರು ತಾಕದಂಗ ಹಬ್ಬದ ಅಡಿಗಿ ಮಾಡಿದಂಗ. ಹಂಗ ಮಾಡಲಿಕ್ಕೆ ಕೈ ಚುರುಕಿದ್ರ ಸಾಲದು, ಬಾಜೂದವರಿಗೆ ಜಾಗಾ ಬಿಡಲಿಕ್ಕೂ ಬರಬೇಕು. ಮಾವನವರು ಇರಬೇಕಿತ್ತು ಅನಸ್ತು. ಕಲಬೆರಕಿ ಆಗೋದು ಎರಡೂ ಅರ್ಧಮರ್ಧ ಬಂದಾಗ. ಇವರು ಒಬ್ಬೊಬ್ಬರೂ ತಮ್ಮ ಮನಿ ವಿದ್ಯಾ ಪೂರಾ ಕಲತು ಬಂದವರು.

ಅದ ವರ್ಷ ಬಂದ ‘ದಿಸ್ ಮೊಮೆಂಟ್’ಗೆ 2024ರ ಫೆಬ್ರವರಿಯೊಳಗ ಗ್ರ್ಯಾಮಿ ಸಿಕ್ತು. ಡಿಸೆಂಬರ್ 15ಕ್ಕ ಝಾಕೀರ್ ಹುಸೇನರು ಹೋದ್ರು, 73 ವರ್ಷ. ಸುದ್ದಿ ಕೇಳಿದ ದಿನ ಒಲಿ ಆರಿಸಿ, ಮೊಬೈಲಿನಾಗ ಆ 1975ರ ರೆಕಾರ್ಡ್ ಹಚ್ಚಿದೆ. ಅದರಾಗ ಅವರಿಗೆ ಇನ್ನೂ 24.

ನೀವು ಕೇಳೋದಾದ್ರ ‘ಜಾಯ್’ದಿಂದ ಶುರು ಮಾಡಬ್ಯಾಡ್ರಿ, ಗಾಬರಿ ಆಗತೀರಿ. ಮಧ್ಯಾಹ್ನ ಎಲ್ಲಾರ ಊಟ ಆದ ಮ್ಯಾಲೆ ‘ಲೋಟಸ್ ಫೀಟ್’ ಹಚ್ಚರಿ. ಐದು ನಿಮಿಷನೂ ಇಲ್ಲ. ಕೇಳಿ ಹೆಂಗನಸ್ತು ಹೇಳ್ರಿ.